ಶುಚಿ ಮಾಡುವ ಯಂತ್ರ ಬಾಡಿಗೆಗೆ ತರುವುದು ಹೇಗೆ? ಕಾಸರಗೋಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕಡೆ ಮಳೆ ಬಿಟ್ಟ ಕೂಡಲೇ ಮನೆ ಸುತ್ತ ಕೆಲಸ ಶುರು. ಅಂಗಳ ಹಸಿರು ಕಟ್ಟಿರುತ್ತದೆ. ಕಂಪೌಂಡ್ ಗೋಡೆ ಕಪ್ಪಾಗಿರುತ್ತದೆ. ಹೊರಗಿನ ಮೆಟ್ಟಿಲಿಗೆ ಕಾಲಿಟ್ಟರೆ ಜಾರುತ್ತದೆ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುವ ಜಾಗ, ಪಾಚಿ ಹಿಡಿಯದೆ ಇರುತ್ತದಾ? ಅತ್ತ ಅಡಿಕೆ ಒಣಗಿಸಲು ಅಂಗಳ ಬೇಕು, ಇತ್ತ ದೀಪಾವಳಿ ಹತ್ತಿರ ಬಂತು, ನಡುವೆ ಮನೆಯಲ್ಲಿ ಒಂದು ಪೂಜೆಯೂ ಇದೆ. ಹಿಡಿಸೂಡಿ ಹಿಡಿದು ದಿನಗಟ್ಟಲೆ ಉಜ್ಜುವ ಬದಲು, ಜೋರಾಗಿ ನೀರು ಚಿಮ್ಮಿಸಿ ತೊಳೆಯುವ ಒಂದು ಪ್ರೆಷರ್ ವಾಷರ್ ತಂದರೆ ಹೇಗೆ ಅಂತ ಯೋಚನೆ ಬರುವುದು ಆಗಲೇ.

ತರುವುದು ಸರಿ. ಕೊಳ್ಳಲೇಬೇಕು ಅಂತೇನಿಲ್ಲ. ಕೊಂಡ ಯಂತ್ರ ಎರಡು ದಿನ ಓಡಿ ಅಟ್ಟ ಸೇರುತ್ತದೆ. ಒಳಗಿನ ರಬ್ಬರ್ ಸೀಲು ಒಣಗಿ ಗಟ್ಟಿಯಾಗುತ್ತದೆ, ಪೈಪು ಇಲಿ ಕಡಿಯುತ್ತದೆ, ಮುಂದಿನ ವರ್ಷ ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಅನ್ನುತ್ತದೆ, ನೀರು ಬರುವುದಿಲ್ಲ. ಮದುವೆಗೆ ದೊಡ್ಡ ಚೆರಿಗೆ, ಶಾಮಿಯಾನ ಬಾಡಿಗೆಗೆ ತರುವ ನಮಗೆ ಇದೂ ಹಾಗೇ ಸಿಗುತ್ತದೆ ಅನ್ನುವುದು ಯಾಕೋ ನೆನಪಾಗುವುದಿಲ್ಲ.

ಆದರೆ ಬಾಡಿಗೆ ಲಾಭ ಆಗಬೇಕಾದರೆ ಒಂದು ಮಾತು ತಲೆಯಲ್ಲಿರಲಿ. ನೀವು ಹಣ ಕೊಡುವುದು ಯಂತ್ರ ನಿಮ್ಮಲ್ಲಿರುವ ಹೊತ್ತಿಗೆ. ಯಂತ್ರ ಅಂಗಳಕ್ಕೆ ಬಂದ ಮೇಲೆ ನೀರಿನ ಪೈಪು ಹುಡುಕುವುದು, ಹೂಕುಂಡ ಎತ್ತಿಡುವುದು, ಪ್ಲಗ್ ಹೊಂದದೆ ಇಲೆಕ್ಟ್ರೀಷಿಯನ್‌ಗೆ ಫೋನ್ ಮಾಡುವುದು ಅಂತ ಕೂತರೆ ಅರ್ಧ ಬಾಡಿಗೆ ಅಲ್ಲೇ ಹೋಯಿತು.

ಬಾಡಿಗೆಗೆ ಯಾವುದು, ಸ್ವಂತಕ್ಕೆ ಯಾವುದು

ವಾರಕ್ಕೊಮ್ಮೆ ಕೈಗೆ ಬರುವ ವಸ್ತುವನ್ನು ಕೊಳ್ಳಿ. ಮಾಪು, ವೈಪರ್, ಉದ್ದ ಹಿಡಿಯ ಬ್ರಷ್, ಜೇಡರಬಲೆ ತೆಗೆಯುವ ಕೋಲು, ಸಣ್ಣ ವ್ಯಾಕ್ಯೂಮ್ ಇವೆಲ್ಲ ಮನೆಯಲ್ಲೇ ಇರಬೇಕು. ವರ್ಷಕ್ಕೆ ಒಂದೋ ಎರಡೋ ಸಲ ಬೇಕಾಗುವ, ಭಾರದ, ಇಡಲು ಜಾಗ ತಿನ್ನುವ ಯಂತ್ರಗಳು ಬಾಡಿಗೆಗೆ ಇರಲಿ.

ಮನೆ ಬಳಕೆಯ ಪ್ರೆಷರ್ ವಾಷರ್ ವಿಷಯದಲ್ಲಿ ಮಾತ್ರ ಸ್ವಲ್ಪ ಲೆಕ್ಕ ಹಾಕಬೇಕು. ಸುಮ್ನೆ ಲೆಕ್ಕಕ್ಕೆ ಅಂತ ಯಂತ್ರದ ಬೆಲೆ 9000 ರೂಪಾಯಿ ಇಟ್ಟುಕೊಳ್ಳಿ. ಐದು ವರ್ಷ ಬಾಳಿಕೆ, ನಡುವೆ ಒಂದು ರಿಪೇರಿಗೆ 1500. ಒಟ್ಟು 10,500, ವರ್ಷಕ್ಕೆ 2100 ಬಿತ್ತು. ಬಾಡಿಗೆ ದಿನಕ್ಕೆ 800, ಹೋಗಿ ಬರುವ ಆಟೋ 300 ಅಂತ ಹಿಡಿದರೆ ಒಂದು ಸಲಕ್ಕೆ 1100. ವರ್ಷಕ್ಕೊಮ್ಮೆ ಸಾಕು ಅನ್ನುವವರಿಗೆ ಬಾಡಿಗೆಯೇ ಲಾಭ. ಎರಡು ಸಲ ಆದರೆ ಹೆಚ್ಚುಕಮ್ಮಿ ಸಮ. ಮೂರು ಸಲ ಬೇಕಾದವರು ಕೊಂಡುಬಿಡುವುದೇ ಒಳ್ಳೆಯದು. ನಿಮ್ಮೂರಿನ ದರ ಕೇಳಿ ಇದೇ ಲೆಕ್ಕಕ್ಕೆ ನಿಮ್ಮ ಅಂಕಿ ಹಾಕಿ ನೋಡಿ.

ಲೆಕ್ಕದಲ್ಲಿ ಕಾಣದ ಇನ್ನೊಂದು ವಿಷಯ ಇದೆ. ಮನೆ ಬಳಕೆಗೆ ಮಾರುವ ಯಂತ್ರ 100ರಿಂದ 130 ಬಾರ್ ಒತ್ತಡ, ನಿಮಿಷಕ್ಕೆ ಐದಾರು ಲೀಟರ್ ನೀರು ಕೊಡುತ್ತದೆ. ಬಾಡಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವುದು ವಾಹನ ತೊಳೆಯುವವರು ಇಟ್ಟುಕೊಳ್ಳುವಂಥ ದೊಡ್ಡ ಯಂತ್ರ. ಅದು 150 ಬಾರ್ ದಾಟುತ್ತದೆ, ನೀರೂ ಎರಡರಷ್ಟು ಬರುತ್ತದೆ. ಸಣ್ಣದರಲ್ಲಿ ಎರಡು ದಿನ ಹಿಡಿಯುವ ಅಂಗಳ ದೊಡ್ಡದರಲ್ಲಿ ಒಂದೇ ದಿನಕ್ಕೆ ಮುಗಿದೀತು. ಅಂಗಳ ದೊಡ್ಡದಿದ್ದವರಿಗೆ ಬಾಡಿಗೆ ಹಿಡಿಸುವುದು ಇದಕ್ಕೇ.

ನೆಲ ಉಜ್ಜುವ ಮೆಷಿನ್ ಅಂದರೆ ಅಡಿಯಲ್ಲಿ ದೊಡ್ಡ ದುಂಡು ಬ್ರಷ್ ತಿರುಗುವಂಥದ್ದು, ಸೋಫಾ ತೊಳೆಯುವ ಯಂತ್ರ, ನೀರನ್ನೂ ಎಳೆಯುವ ದೊಡ್ಡ ವ್ಯಾಕ್ಯೂಮ್, ಉದ್ದದ ಅಲ್ಯೂಮಿನಿಯಂ ಏಣಿ, ಕೆಸರು ನೀರೆತ್ತುವ ಪಂಪು ಇವನ್ನೆಲ್ಲ ಮನೆಗೆ ಕೊಳ್ಳುವ ಯೋಚನೆಯೇ ಬೇಡ.

ಅಡಿಕೆ ತೋಟ ಇರುವವರು ಬಾಡಿಗೆಗೆ ಹೊರಡುವ ಮೊದಲು ನಿಮ್ಮದೇ ಶೆಡ್ಡಿಗೆ ಒಮ್ಮೆ ಇಣುಕಿ. ಮದ್ದು ಬಿಡುವ ಎಚ್‌ಟಿಪಿ ಪಂಪು ಇದೆ ಅಲ್ವಾ? ಅದರ ಒತ್ತಡ ಸಾಧಾರಣ 20ರಿಂದ 40 ಬಾರ್. ಗಟ್ಟಿ ಪಾಚಿ ಕೀಳಲು ಅದು ಸಾಲದು. ಆದರೆ ಬ್ರಷ್ ಹಾಕಿ ಉಜ್ಜಿದ ಅಂಗಳ ತೊಳೆಯಲು, ಹಟ್ಟಿ ತೊಳೆಯಲು, ಗೋಡೆಯ ಧೂಳು ಇಳಿಸಲು ಧಾರಾಳ ಸಾಕು. ಮೈಲುತುತ್ತಿನ ದ್ರಾವಣ ಹೋದ ಪೈಪು ಅದು, ಹಾಗಾಗಿ ಕುಡಿಯುವ ನೀರಿನ ಟ್ಯಾಂಕಿಯ ಹತ್ತಿರಕ್ಕೂ ತರಬೇಡಿ.

ಎಲ್ಲಿ ಕೇಳಬೇಕು, ಯಾವಾಗ ಕೇಳಬೇಕು

‘ಕ್ಲೀನಿಂಗ್ ಮೆಷಿನ್ ಬಾಡಿಗೆಗೆ’ ಅಂತ ಬೋರ್ಡ್ ಹುಡುಕಿದರೆ ಸಿಗುವುದು ಕಮ್ಮಿ. ಕಾಂಕ್ರೀಟ್ ಮಿಕ್ಸರ್, ವೈಬ್ರೇಟರ್, ಸೆಂಟ್ರಿಂಗ್ ಶೀಟ್, ಜಾಕಿ ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಕೇಳಿ. ಡ್ರಿಲ್, ಕಟ್ಟರ್ ಕೊಡುವವರ ಹತ್ತಿರ ಪ್ರೆಷರ್ ವಾಷರ್ ಇರುವುದುಂಟು. ಪವರ್ ಟೂಲ್ಸ್ ರಿಪೇರಿ ಮಾಡುವವರಿಗೆ ಯಾರ ಹತ್ತಿರ ಏನಿದೆ ಅಂತ ಗೊತ್ತಿರುತ್ತದೆ. ಹೊಸ ಮನೆಗೆ ಟೈಲ್ಸ್ ಹಾಸುವವರು, ಪೈಂಟಿಂಗ್ ಕಂಟ್ರಾಕ್ಟು ಹಿಡಿಯುವವರು ತಮ್ಮದೇ ಯಂತ್ರವನ್ನು ಕೆಲಸ ಇಲ್ಲದ ದಿನ ಕೊಡುವುದುಂಟು. ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂಥ ಪೇಟೆಯಲ್ಲಿ ಹೀಗೆ ವಿಚಾರಿಸಿ, ಸಿಗದಿದ್ದರೆ ಕಾಸರಗೋಡು ಪೇಟೆ.

ಮಂಜೇಶ್ವರದವರಿಗೆ ತಲಪಾಡಿ ದಾಟಿದರೆ ಮಂಗಳೂರು, ಪೆರ್ಲದ ಕಡೆಯವರಿಗೆ ಪುತ್ತೂರು, ವಿಟ್ಲ. ಅಲ್ಲಿ ಆಯ್ಕೆ ಜಾಸ್ತಿ. ಆದರೆ ಹೊರ ರಾಜ್ಯದ ವಿಳಾಸ ನೋಡಿ ಕೆಲವರು ಡಿಪಾಸಿಟ್ ಏರಿಸುತ್ತಾರೆ, ಕೆಲವರು ಅಲ್ಲಿಯ ಪರಿಚಯದವರು ಯಾರಾದರೂ ಬರಲಿ ಅನ್ನುತ್ತಾರೆ. ಫೋನಿನಲ್ಲೇ ಇತ್ಯರ್ಥ ಮಾಡಿಕೊಂಡು ಹೊರಡಿ. ಗಡಿ ದಾಟಿ ತರುವಾಗ ಬಾಡಿಗೆ ಚೀಟಿ ಗಾಡಿಯಲ್ಲೇ ಇರಲಿ.

ಸಮಯದ ವಿಷಯಕ್ಕೆ ಬಂದರೆ, ಓಣಂ ಮುಂಚಿನ ವಾರ ಕೇಳಲು ಹೋಗಬೇಡಿ. ಊರಿಡೀ ಮನೆ ತೊಳೆಯುವ ಹೊತ್ತು ಅದು. ಏಪ್ರಿಲ್-ಮೇಯಲ್ಲಿ ಮದುವೆ, ಗೃಹಪ್ರವೇಶದ ಗದ್ದಲ, ಜೊತೆಗೆ ಬಾವಿಯಲ್ಲಿ ನೀರೂ ತಳ ಕಂಡಿರುತ್ತದೆ. ಅಂಗಳಕ್ಕೆ ಒಳ್ಳೆಯ ಹೊತ್ತು ಅಂದರೆ ಮಳೆ ಇಳಿದು ಪಾಚಿ ಇನ್ನೂ ಹಸಿಯಾಗಿರುವಾಗ. ಒಣಗಿ ಕಪ್ಪುಗಟ್ಟಿದ ಮೇಲೆ ಅದೇ ಪಾಚಿ ಕೀಳಲು ಎರಡರಷ್ಟು ಹೊತ್ತು ಬೇಕು. ದೀಪಾವಳಿಗೆ ಎರಡು ವಾರ ಮೊದಲೇ, ವಾರದ ನಡುವಿನ ದಿನ ಕೇಳಿ. ಭಾನುವಾರ ಎಲ್ಲರಿಗೂ ಬೇಕು. ಮಂಗಳವಾರ ಕೇಳಿದರೆ ಚೌಕಾಶಿಗೂ ಜಾಗ ಇರುತ್ತದೆ.

ಸೋಫಾ ತೊಳೆಯುವ ಯಂತ್ರವನ್ನು ಮಾತ್ರ ಮಳೆಗಾಲದಲ್ಲಿ ತರಲೇಬೇಡಿ. ಆಟಿ ತಿಂಗಳಲ್ಲಿ ಒದ್ದೆ ಮಾಡಿದ ಸೋಫಾ ಮುಂದಿನ ಸೋಣ ತಿಂಗಳಲ್ಲೂ ವಾಸನೆ ಹೊಡೆಯುತ್ತಿರುತ್ತದೆ. ಜನವರಿ-ಫೆಬ್ರವರಿಯ ಬಿಸಿಲು ಅದಕ್ಕೆ ಸರಿ.

ಯಂತ್ರ ಬರುವ ಮೊದಲು: ನೀರು, ಕರೆಂಟು, ಜಾಗ

ಮೊದಲು ನೀರಿನ ಲೆಕ್ಕ. ನಿಮಿಷಕ್ಕೆ 6 ಲೀಟರ್ ಕುಡಿಯುವ ಸಣ್ಣ ಯಂತ್ರಕ್ಕೆ ಗಂಟೆಗೆ 360 ಲೀಟರ್ ಬೇಕು. 12 ಲೀಟರಿನ ದೊಡ್ಡದಕ್ಕೆ 720. ತಾರಸಿಯ ಮೇಲಿನ 1000 ಲೀಟರ್ ಟ್ಯಾಂಕಿ ಒಂದೂವರೆ ಗಂಟೆಯೊಳಗೆ ಖಾಲಿ. ಹಾಗಾಗಿ ಹಿಂದಿನ ದಿನ ಟ್ಯಾಂಕಿ ತುಂಬಿಸಿಡುವುದು ಮಾತ್ರ ಸಾಲದು, ಒಂದು ದೊಡ್ಡ ಡ್ರಮ್ಮೂ ತುಂಬಿರಲಿ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ತೊಟ್ಟಿಗೆ ಬೀಳುವ ಮನೆಗಳಿಗೆ ಈ ಚಿಂತೆ ಕಮ್ಮಿ. ಆದರೆ ಆ ನೀರಿನಲ್ಲಿ ಸಣ್ಣ ಮರಳು, ಎಲೆ ಚೂರು ಇರುತ್ತದೆ. ನಮ್ಮ ಬಾವಿಗಳಲ್ಲಿ ಕೆಂಪು ಮಣ್ಣಿನ ಕಣವೂ ಬರುತ್ತದೆ. ಯಂತ್ರದ ನೀರು ಸೇರುವ ಬಾಯಿಯಲ್ಲಿ ಸಣ್ಣ ಜಾಲರಿ ಇರುತ್ತದೆ. ಅದು ಇಲ್ಲದೆ ಓಡಿಸಿದರೆ ಪಂಪು ಹಾಳು, ದಂಡ ನಿಮ್ಮ ತಲೆಗೆ. ಡ್ರಮ್ಮಿಗೆ ಹಳೆಯ ಪಂಚೆಯ ಬಟ್ಟೆ ಕಟ್ಟಿ ಸೋಸಿ ತುಂಬಿಸಿದರೆ ನಿಶ್ಚಿಂತೆ.

ಡ್ರಮ್ಮಿನಿಂದ ತಾನೇ ನೀರು ಎಳೆಯುವ ಯಂತ್ರವೋ, ನಲ್ಲಿಗೆ ಜೋಡಿಸಲೇಬೇಕಾದದ್ದೋ ಅಂತ ಅಂಗಡಿಯಲ್ಲಿ ಕೇಳಿ. ನಲ್ಲಿಗೆ ಜೋಡಿಸುವುದಾದರೆ ಅರ್ಧ ಇಂಚೋ ಮುಕ್ಕಾಲು ಇಂಚೋ ನೋಡಿ, ಒಂದು ಕಪ್ಲಿಂಗ್, ಎರಡು ಕ್ಲಿಪ್ ಮುಂಚೆಯೇ ತಂದಿಡಿ. ಮೂವತ್ತು ರೂಪಾಯಿಯ ಕ್ಲಿಪ್ ಇಲ್ಲದೆ ಬೆಳಿಗ್ಗೆ ಪೇಟೆಗೆ ಓಡುವುದು ಬೇಡ.

ಕರೆಂಟು ಎರಡನೆಯದು. 2000 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ, 3000 ವ್ಯಾಟಿನದ್ದು 13. ಫ್ಯಾನಿಗೆ ಇರುವ ಸಣ್ಣ ಪ್ಲಗ್ಗಿಗೆ ಇದನ್ನು ಹಾಕಬಾರದು. ದಪ್ಪ ಮೂರು ಕಾಲಿನ 16 ಆಂಪಿಯರ್ ಪ್ಲಗ್ಗೇ ಬೇಕು. ನಮ್ಮ ಮನೆಗಳಲ್ಲಿ ಅದು ಅಡುಗೆಮನೆಯಲ್ಲೋ ಬಚ್ಚಲಿನ ಗೀಸರ್ ಹತ್ತಿರವೋ ಇರುತ್ತದೆ, ಅಂಗಳದಿಂದ ದೂರ. ಎಕ್ಸ್‌ಟೆನ್ಷನ್ ವಯರು 2.5 ಚದರ ಮಿ.ಮೀ. ದಪ್ಪದ್ದು ಇರಲಿ. ಸುರುಳಿಯಲ್ಲಿ ಸುತ್ತಿಟ್ಟೇ ಓಡಿಸಿದರೆ ಒಳಗೆ ಬಿಸಿಯಾಗಿ ಕರಗುತ್ತದೆ, ಪೂರ್ತಿ ಬಿಚ್ಚಿ ಹಾಕಿ. ಜೋಡಣೆ ನೆಲದ ಮೇಲೆ ಬಿದ್ದಿರಬಾರದು. ಒಂದು ಕುರ್ಚಿಯ ಮೇಲಾದರೂ ಇಡಿ.

ಮೀಟರ್ ಹತ್ತಿರ ಇರುವ, ಕರೆಂಟು ಲೀಕ್ ಆದರೆ ತಾನೇ ಬಂದ್ ಮಾಡುವ ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಯಂತ್ರ. ಕೆಲಸದ ನಡುವೆ ಅದು ಮತ್ತೆ ಮತ್ತೆ ಬೀಳುತ್ತಿದ್ದರೆ ಯಂತ್ರದಲ್ಲೋ ವಯರಿನಲ್ಲೋ ಲೀಕ್ ಇದೆ ಅಂತ ಅರ್ಥ. ‘ಬೈಪಾಸ್ ಮಾಡಿ ಓಡಿಸಿ, ಏನಾಗುವುದಿಲ್ಲ’ ಅನ್ನುವವರ ಮಾತು ಕೇಳಬೇಡಿ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲುವವರು ನೀವು, ಅವರಲ್ಲ. ಹಳ್ಳಿ ಲೈನಿನಲ್ಲಿ ಸಂಜೆ ವೋಲ್ಟೇಜ್ ಇಳಿದರೆ ಮೋಟಾರು ಬಿಸಿಯಾಗುತ್ತದೆ, ಕೆಲಸ ಬೆಳಿಗ್ಗೆಯೇ ಮುಗಿಸಿ. ಬಾವಿಯ ಪಂಪು, ಗೀಸರ್ ಆ ಹೊತ್ತಿಗೆ ಬಂದ್ ಇರಲಿ.

ಮೂರನೆಯದು ಜಾಗ. ಹೂಕುಂಡ, ಚಪ್ಪಲಿ ಸ್ಟ್ಯಾಂಡ್, ಸೈಕಲ್ ಎಲ್ಲ ಹಿಂದಿನ ದಿನವೇ ಆಚೆ ಹೋಗಲಿ. ಹುಲ್ಲು ಕಿತ್ತು, ಕಸ ಗುಡಿಸಿ ಮುಗಿದಿರಲಿ. ಹೊರಗಿನ ಪ್ಲಗ್ ಪಾಯಿಂಟು, ಕಾಲಿಂಗ್ ಬೆಲ್, ಗೇಟಿನ ಲೈಟಿಗೆ ಪ್ಲಾಸ್ಟಿಕ್ ಕಟ್ಟಿ ಟೇಪ್ ಸುತ್ತಿ. ನೀರು ಎತ್ತ ಹರಿದು ಹೋಗುತ್ತದೆ ಅಂತ ಒಂದು ಬಕೆಟ್ ಸುರಿದು ನೋಡಿ. ಬಾವಿಯ ಕಡೆ ಹೋಗುವಂತಿದ್ದರೆ ಮರಳು ತುಂಬಿದ ಗೋಣಿ ಅಡ್ಡ ಇಡಿ.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಒಂದೇ ಮಾತು ಸಾಕು: ‘ಅಣ್ಣ, ಒಮ್ಮೆ ಓಡಿಸಿ ತೋರಿಸಿ.’ ಓಡಿಸಿ ತೋರಿಸಲು ಹಿಂಜರಿಯುವ ಅಂಗಡಿಯಿಂದ ಯಂತ್ರ ತರಬೇಡಿ. ಓಡುವಾಗ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ವಯರಿನ ಉದ್ದಕ್ಕೂ ಕೈಯಾಡಿಸಿ ನೋಡಿ, ಟೇಪ್ ಸುತ್ತಿದ ಜಾಗ ಇದ್ದರೆ ಬೇರೆ ಕೊಡಿ ಅನ್ನಿ. ಪ್ಲಗ್ಗಿಗೆ ಮೂರು ಕಾಲೂ ಇದೆಯಾ? ಅರ್ತಿನ ಕಾಲು ಮುರಿದು ತೆಗೆದ ಪ್ಲಗ್ಗು ಬಾಡಿಗೆ ಯಂತ್ರಗಳಲ್ಲಿ ಕಾಣಸಿಗುತ್ತದೆ. ಪ್ರೆಷರ್ ಪೈಪಿನಲ್ಲಿ ಉಬ್ಬು, ಒಳಗಿನ ತಂತಿ ಕಾಣುವ ಗಾಯ ಇರಬಾರದು. ಟ್ರಿಗರ್ ಬಿಟ್ಟ ಕೂಡಲೇ ನೀರು ನಿಲ್ಲಬೇಕು. ಮೊದಲೇ ಇರುವ ಗೀರು, ಒಡಕು, ಇಲ್ಲದ ನಾಜಲ್ (ನೀರು ಚಿಮ್ಮುವ ತುದಿ) ಎಲ್ಲ ಚೀಟಿಯಲ್ಲಿ ಬರೆಸಿ.

ವ್ಯಾಕ್ಯೂಮ್ ಆದರೆ ಬ್ರಷ್ ತಿರುವಿ ನೋಡಿ. ಬೇರೆ ಮನೆಯ ಕೂದಲು, ಧೂಳು ಅದರಲ್ಲೇ ಇದ್ದರೆ ತಿಗಣೆಯೂ ಜೊತೆಗೆ ಬರಬಹುದು. ಚೀಲ ಖಾಲಿ ಮಾಡಿಸಿ, ಬ್ರಷ್ ತೊಳೆಸಿ ತೆಗೆದುಕೊಳ್ಳಿ.

ಚೀಟಿಯಲ್ಲಿ ಬಾಡಿಗೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಅಂತ ಗಂಟೆ ಸಮೇತ ಇರಲಿ. ‘ಒಂದು ದಿನ’ ಅಂದರೆ ಕೆಲವರಿಗೆ 24 ಗಂಟೆ, ಕೆಲವರಿಗೆ ಸಂಜೆ ಅಂಗಡಿ ಮುಚ್ಚುವವರೆಗೆ. ತಡವಾದರೆ ಎಷ್ಟು, ಡಿಪಾಸಿಟ್ ಎಷ್ಟು, ಯಂತ್ರ ತಾನಾಗಿ ಕೆಟ್ಟರೆ ಯಾರ ಖರ್ಚು, ಮಳೆ ಬಂದು ಕೆಲಸ ನಿಂತರೆ ಏನು ಅನ್ನುವುದೆಲ್ಲ ಮೊದಲೇ ಮಾತಾಡಿ. ಚೀಟಿ ಮಲಯಾಳದಲ್ಲಿ ಅಚ್ಚಾಗಿರುವುದೇ ಜಾಸ್ತಿ. ಓದಲು ಬಾರದಿದ್ದರೆ ನಾಚಿಕೆ ಬೇಡ, ಓದಿ ಹೇಳಿಸಿಕೊಂಡೇ ಸಹಿ ಹಾಕಿ. ಗುರುತಿಗೆ ಆಧಾರ್ ಕೇಳಿದರೆ ಒರಿಜಿನಲ್ ಕೊಟ್ಟು ಬರಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಬಹುದು, ಅದರ ಪ್ರತಿ ಕೊಡಿ. ಡಿಪಾಸಿಟ್ ಯುಪಿಐಯಲ್ಲೇ ಕೊಟ್ಟರೆ ದಾಖಲೆ ಉಳಿಯುತ್ತದೆ.

ಪ್ರೆಷರ್ ವಾಷರ್: ಮುರಕಲ್ಲಿನ ಊರಲ್ಲಿ ಹೇಗೆ ಹಿಡಿಯಬೇಕು

ಜೋಡಿಸುವ ಕ್ರಮ ಮುಖ್ಯ. ಮೊದಲು ನೀರಿನ ಪೈಪು ಹಾಕಿ, ನಲ್ಲಿ ತೆರೆದು, ಟ್ರಿಗರ್ ಒತ್ತಿ ಹಿಡಿಯಿರಿ. ಗಾಳಿ ಪುಸುಪುಸು ಅಂತ ಹೊರಗೆ ಹೋಗಿ ನೀರು ಒಂದೇ ಸಮ ಬರುವವರೆಗೆ ಸ್ವಿಚ್ ಮುಟ್ಟಬೇಡಿ. ನೀರಿಲ್ಲದೆ ಓಡಿದರೆ ಪಂಪು ಕೆಡಲು ಹೆಚ್ಚು ಹೊತ್ತು ಬೇಡ. ಹಾಗೆಯೇ ಟ್ರಿಗರ್ ಬಿಟ್ಟು, ಮೋಟಾರ್ ಓಡುತ್ತಲೇ ಇರುವಾಗ ಚಾ ಕುಡಿಯಲು ಹೋಗಬೇಡಿ. ಟ್ರಿಗರ್ ಬಿಟ್ಟರೆ ತಾನೇ ನಿಲ್ಲುವ ಯಂತ್ರಗಳಿವೆ. ನಿಲ್ಲದಿದ್ದರೆ ಎರಡು ನಿಮಿಷಕ್ಕಿಂತ ಜಾಸ್ತಿ ಬಿಡುವು ಇದ್ದಾಗ ಸ್ವಿಚ್ ತೆಗೆಯಿರಿ.

ನಾಜಲ್‌ಗಳಿಗೆ ಬಣ್ಣ ಇರುತ್ತದೆ. ಕೆಂಪು ಸೊನ್ನೆ ಡಿಗ್ರಿ, ನೀರು ಸೂಜಿಯ ಹಾಗೆ ಬರುತ್ತದೆ. ಮನೆ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ. ಹಳದಿ 15, ಹಸಿರು 25, ಬಿಳಿ 40 ಡಿಗ್ರಿ. ಕಪ್ಪು ಸೋಪಿಗೆ. ಸಿಮೆಂಟ್ ಅಂಗಳಕ್ಕೆ ಹಸಿರು, ಉಳಿದದ್ದಕ್ಕೆಲ್ಲ ಬಿಳಿಯಿಂದ ಶುರು ಮಾಡಿ.

ನಮ್ಮ ಕಡೆ ವಿಶೇಷ ಎಚ್ಚರ ಬೇಕಾದದ್ದು ಮುರಕಲ್ಲಿಗೆ. ಗಾರೆ ಹಾಕದೆ ಬಿಟ್ಟ ಕೆಂಪು ಕಲ್ಲಿನ ಕಂಪೌಂಡು, ಮೆಟ್ಟಿಲು, ಬಾವಿಕಟ್ಟೆ ಎಷ್ಟೊಂದು ಮನೆಗಳಲ್ಲಿ ಇದೆ. ಈ ಕಲ್ಲು ಮೇಲ್ಗಡೆ ಗಟ್ಟಿಯಾಗಿ ಕಂಡರೂ ತೂತುಗಳ ಒಳಗೆಲ್ಲ ಮೆತ್ತಗಿನ ಮಣ್ಣು. ಹತ್ತಿರದಿಂದ ಜೋರಾಗಿ ನೀರು ಬಿಟ್ಟರೆ ಪಾಚಿಯ ಜೊತೆ ಕಲ್ಲೂ ಕರಗಿ ಕೆಂಪು ನೀರಾಗಿ ಇಳಿಯುತ್ತದೆ. ಕೆಂಪು ನೀರು ಕಂಡ ಕೂಡಲೇ ದೂರ ಸರಿಯಿರಿ. ಬಿಳಿ ನಾಜಲ್, ಎರಡು ಅಡಿ ದೂರ, ಓರೆಯಾಗಿ, ಕೈ ಎಲ್ಲೂ ನಿಲ್ಲದಂತೆ. ಕಲ್ಲಿನ ಸಂದಿಯ ಗಾರೆಗೆ ನೇರ ಹೊಡೆಯಬೇಡಿ. ಹಳೆಯ ಮಣ್ಣಿನ ಗಾರೆಯ ಗೋಡೆಗೆ ಯಂತ್ರವೇ ಬೇಡ, ತೆಂಗಿನ ನಾರಿನ ಬ್ರಷ್ ಸಾಕು.

ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಸಂದಿಯ ಮರಳೇ ಕಲ್ಲುಗಳನ್ನು ಹಿಡಿದಿಡುವುದು. ನೇರ ನೀರು ಬಿಟ್ಟರೆ ಮರಳೆಲ್ಲ ಎದ್ದು ಹೋಗುತ್ತದೆ. ಸಂದಿಗೆ ಅಡ್ಡಲಾಗಿ, ಓರೆ ಹಿಡಿದು ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ನುಣುಪು ಮರಳು ಹರಡಿ ಹಿಡಿಸೂಡಿಯಲ್ಲಿ ಗುಡಿಸಿ ಸಂದಿ ತುಂಬಿ. ಈ ಕೆಲಸ ಬಿಟ್ಟರೆ ಮುಂದಿನ ಮಳೆಗೆ ಕಲ್ಲು ಅಲ್ಲಾಡತೊಡಗುತ್ತದೆ. ಸೆಗಣಿ ಸಾರಿಸಿದ ಮಣ್ಣಿನ ಅಂಗಳಕ್ಕೆ ಯಂತ್ರ ತರುವ ಮಾತೇ ಇಲ್ಲ.

ಹಂಚಿನ ಮಾಡು ತೊಳೆಯುವ ಆಸೆ ಹಲವರಿಗೆ. ನನ್ನ ಕೇಳಿದರೆ ಬೇಡ. ಹಳೆಯ ಹಂಚಿನ ಮೇಲೆ ಕಾಲಿಟ್ಟರೆ ಒಡೆಯುತ್ತದೆ, ಪಾಚಿಯಲ್ಲಿ ಜಾರುತ್ತದೆ, ಸಾಲದ್ದಕ್ಕೆ ನೀರು ಬಿಡುವ ಗನ್ನು ಹಿಂದಕ್ಕೆ ತಳ್ಳುತ್ತದೆ. ಮಾಡಲೇಬೇಕಾದರೆ ಕೆಲಸ ಗೊತ್ತಿದ್ದವರಿಂದ ಮಾಡಿಸಿ, ನೀರು ಮೇಲಿಂದ ಕೆಳಕ್ಕೇ ಬೀಳುವಂತೆ ಹೇಳಿ. ಕೆಳಗಿನಿಂದ ಮೇಲಕ್ಕೆ ಹೊಡೆದರೆ ಹಂಚಿನ ಅಡಿಗೆ ನೀರು ನುಗ್ಗಿ ಅಟ್ಟದ ಸಾಮಾನೆಲ್ಲ ಒದ್ದೆ. ಅಲ್ಯೂಮಿನಿಯಂ ಏಣಿಯನ್ನು ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರಿನ ಹತ್ತಿರ ಎತ್ತಬೇಡಿ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಆಚೆ ಇರಲಿ, ಒಬ್ಬರು ಹಿಡಿದುಕೊಂಡಿರಲಿ.

ಇನ್ನೊಂದು ಮಾತು ಮನೆಯವರೆಲ್ಲರಿಗೂ ಹೇಳಿ. ಈ ನೀರು ಚರ್ಮದ ಒಳಗೇ ನುಗ್ಗಬಲ್ಲದು. ಹೊರಗೆ ಸಣ್ಣ ಚುಕ್ಕೆಯಷ್ಟೇ ಗಾಯ ಕಾಣುತ್ತದೆ, ಒಳಗೆ ಹಾನಿ ದೊಡ್ಡದು. ಹಾಗಾದರೆ ಅರಸಿನ ಹಚ್ಚಿ ಕೂರುವುದಲ್ಲ, ಕೂಡಲೇ ಆಸ್ಪತ್ರೆಗೆ ಹೋಗಿ ‘ಪ್ರೆಷರ್ ನೀರು ತಾಗಿದ್ದು’ ಅಂತಲೇ ಹೇಳಬೇಕು. ಗಮ್‌ಬೂಟು, ಕನ್ನಡಕ ಹಾಕಿಕೊಳ್ಳಿ. ಮಕ್ಕಳ ಕೈಗೆ ಗನ್ ಕೊಟ್ಟು ಫೋಟೋ ತೆಗೆಯುವುದು ಬೇಡ.

ಉಳಿದ ಯಂತ್ರಗಳು

ನೆಲ ಉಜ್ಜುವ ಮೆಷಿನ್ ಮೊದಲ ಸಲ ಹಿಡಿದವರನ್ನು ಎಳೆದುಕೊಂಡು ಹೋಗಿ ಗೋಡೆಗೆ ಗುದ್ದುತ್ತದೆ. ಗುಟ್ಟು ಹಿಡಿಯಲ್ಲಿದೆ. ಹಿಡಿಯನ್ನು ಸೊಂಟದ ಮಟ್ಟಕ್ಕೆ ಇಟ್ಟು ಸ್ವಿಚ್ ಒತ್ತಿ. ಹಿಡಿ ಸ್ವಲ್ಪ ಎತ್ತಿದರೆ ಯಂತ್ರ ಬಲಕ್ಕೆ, ತಗ್ಗಿಸಿದರೆ ಎಡಕ್ಕೆ ಹೋಗುತ್ತದೆ. ತೋಳಿನಲ್ಲಿ ತಳ್ಳಬೇಕಾದ್ದೇ ಇಲ್ಲ. ಸಾಮಾನಿಲ್ಲದ ಕೋಣೆಯಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿ ಚಾವಡಿಗೆ ಬನ್ನಿ. ಪ್ಯಾಡಿನ ಬಣ್ಣ ನೋಡಿ ಕೇಳಿ: ಬಿಳಿ, ಕೆಂಪು ಮೆತ್ತಗಿನವು, ಹಸಿರು ಉಜ್ಜಲು, ಕಪ್ಪು ಪದರವನ್ನೇ ಕೀಳಲು. ಹಳೆಯ ಮನೆಯ ಕೆಂಪು ಆಕ್ಸೈಡ್ ನೆಲಕ್ಕೆ ಬಿಳಿ ಪ್ಯಾಡು, ಬರೀ ನೀರು. ಕಪ್ಪು ಪ್ಯಾಡು ಹಾಕಿದರೆ ಮೂರು ತಲೆಮಾರು ಓಡಾಡಿ ಬಂದ ಹೊಳಪು ಒಂದೇ ಮಧ್ಯಾಹ್ನ ಹೋಗುತ್ತದೆ.

ನೀರೆಳೆಯುವ ವ್ಯಾಕ್ಯೂಮ್‌ನಲ್ಲಿ ನೀರು ಎಳೆಯುವ ಮೊದಲು ಒಳಗಿನ ಕಾಗದದ ಚೀಲ ತೆಗೆದು ಸ್ಪಂಜಿನ ಫಿಲ್ಟರ್ ಹಾಕಬೇಕು. ಒಲೆಯ ಬೂದಿಯನ್ನು ಅದರಲ್ಲಿ ಎಳೆಯಬೇಡಿ. ಒಳಗೆ ಕೆಂಡ ಇದ್ದೀತು.

ಸೋಫಾ ಯಂತ್ರ ನೀರು ಬಿಟ್ಟು ಕೂಡಲೇ ಹಿಂದಕ್ಕೆ ಎಳೆಯುತ್ತದೆ. ಹಿಂಬದಿಯ ಕಾಣದ ಮೂಲೆಯಲ್ಲಿ ಮೊದಲು ಹಾಕಿ, ಬಣ್ಣ ಬಿಡುತ್ತದಾ ನೋಡಿ. ಒಂದು ಸಲ ನೀರು ಬಿಟ್ಟರೆ ಎರಡು ಸಲ ಬರೀ ಎಳೆಯಿರಿ. ಹತ್ತಿಯ ಹಾಸಿಗೆ, ನಾರಿನ ಹಾಸಿಗೆ ಇದಕ್ಕಲ್ಲ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಅವುಗಳಿಗೆ ಬಿಸಿಲು ಮತ್ತು ಒಣ ವ್ಯಾಕ್ಯೂಮ್ ಅಷ್ಟೇ.

ಬಾವಿ ಶುಚಿಗೆ ಮಾತ್ರ ಪಂಪು ಬಾಡಿಗೆಗೆ ತಂದು ನೀವೇ ಇಳಿಯಬೇಡಿ. ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದರೆ ಅದರ ಹೊಗೆ ಅಲ್ಲೇ ತುಂಬುತ್ತದೆ, ವಾಸನೆ ಬಾರದ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ. ಪಂಪಿಲ್ಲದಿದ್ದರೂ ಆಳದ ಬಾವಿಯಲ್ಲಿ ಉಸಿರಾಡುವ ಗಾಳಿ ಕಮ್ಮಿ ಇರಬಹುದು. ಬಾವಿ ಕೆಲಸದವರನ್ನೇ ಕರೆಯಿರಿ.

ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್

ಪಾಚಿಗೆ ಬ್ಲೀಚಿಂಗ್ ಪೌಡರ್ ಒಳ್ಳೆಯ ಮದ್ದು. ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ, ಬ್ರಷ್‌ನಲ್ಲಿ ಹಚ್ಚಿ, ಹದಿನೈದಿಪ್ಪತ್ತು ನಿಮಿಷ ಬಿಟ್ಟು ಯಂತ್ರದಲ್ಲಿ ತೊಳೆದರೆ ಸಲೀಸಾಗಿ ಏಳುತ್ತದೆ. ಯಂತ್ರದ ಸೋಪಿನ ಡಬ್ಬಿಗೆ ಮಾತ್ರ ಅದನ್ನು ಸುರಿಯಬೇಡಿ, ಸೀಲು ತಿನ್ನುತ್ತದೆ. ಬ್ಲೀಚಿಂಗ್ ಹಚ್ಚಿದ ಜಾಗಕ್ಕೆ ಆಸಿಡ್, ಟಾಯ್ಲೆಟ್ ಕ್ಲೀನರ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಚ್ಚಲಿನಂಥ ಮುಚ್ಚಿದ ಜಾಗದಲ್ಲಿ ಅದು ಜೀವಕ್ಕೇ ಅಪಾಯ. ಟೈಲ್ಸ್ ಮೇಲಿನ ಸಿಮೆಂಟ್ ಕಲೆಗೆ ಅಂತ ಆಸಿಡ್ ಸುರಿಯುವ ಅಭ್ಯಾಸವೂ ಬೇಡ; ಸಂದಿಯ ಸಿಮೆಂಟನ್ನೂ ಅದು ತಿನ್ನುತ್ತದೆ. ಅಡಿಕೆ ಹರಡುವ ಅಂಗಳವನ್ನು ಕೊನೆಗೆ ಬರೀ ನೀರಿನಲ್ಲಿ ಇನ್ನೊಂದು ಸಲ ತೊಳೆಯಿರಿ.

ನಾಲ್ಕು ಮನೆ ಸೇರಿದರೆ

ಬೆಳಿಗ್ಗೆ ತಂದ ಯಂತ್ರ ಮಧ್ಯಾಹ್ನಕ್ಕೆ ನಿಮ್ಮಲ್ಲಿ ಕೆಲಸ ಮುಗಿಸಿದರೆ ಉಳಿದ ಹೊತ್ತಿಗೂ ನೀವೇ ಹಣ ಕೊಟ್ಟಿರುತ್ತೀರಿ. ಪಕ್ಕದ ಮನೆಯವರನ್ನು ಮೊದಲೇ ಕೇಳಿ. ಕುಟುಂಬಶ್ರೀಯ ನೆರೆಕೂಟಗಳಲ್ಲಿ ಹತ್ತಿಪ್ಪತ್ತು ಮನೆಯ ಹೆಂಗಸರು ಹೇಗೂ ಸೇರುತ್ತಾರೆ, ಅಲ್ಲಿ ಮಾತೆತ್ತಿದರೆ ಎರಡು ದಿನದ ಬಾಡಿಗೆಗೆ ನಾಲ್ಕೈದು ಮನೆ ಸಿಗುತ್ತವೆ. ಎರಡು ದಿನಕ್ಕೆ ಒಟ್ಟಿಗೆ ತಂದರೆ ದರವೂ ಇಳಿಸಿ ಕೇಳಬಹುದು. ಚೀಟಿ ಒಬ್ಬರ ಹೆಸರಲ್ಲಿರುತ್ತದೆ, ಹಾಗಾಗಿ ಯಂತ್ರ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಓಡಿಸಿ ನೋಡಿಯೇ ಒಪ್ಪಿಸಿ. ಓಡಿಸುವವರು ಎಲ್ಲ ಕಡೆ ಒಬ್ಬರೇ ಆದರೆ ಜಗಳಕ್ಕೆ ಜಾಗವೇ ಇಲ್ಲ. ಬಾಡಿಗೆಯನ್ನು ಮನೆಗೆ ಸಮಪಾಲು ಮಾಡಬೇಡಿ. ಹತ್ತು ಸೆಂಟ್ಸಿನ ಅಂಗಳದವರೂ ಮೂರು ಮೆಟ್ಟಿಲು ತೊಳೆದವರೂ ಒಂದೇ ಹಣ ಕೊಡುವುದು ಸರಿಯಲ್ಲ, ಗಂಟೆ ಲೆಕ್ಕ ಹಾಕಿ.

ಹಿಂದಿರುಗಿಸುವಾಗ

ಸ್ವಿಚ್ ತೆಗೆದು, ನಲ್ಲಿ ಮುಚ್ಚಿ, ಟ್ರಿಗರ್ ಒತ್ತಿ ಪೈಪಿನೊಳಗಿನ ಒತ್ತಡ ಬಿಡಿಸಿ. ಆಮೇಲೆಯೇ ಪೈಪು ಕಳಚಬೇಕು. ಸೋಪು ಹಾಕಿದ್ದರೆ ಐದು ನಿಮಿಷ ಬರೀ ನೀರು ಓಡಿಸಿ. ಜಾಲರಿ ತೊಳೆದು ಹಾಕಿ, ನಾಜಲ್ ಎಣಿಸಿ. ಸಣ್ಣ ನಾಜಲ್ ಅಂಗಳದ ಮೂಲೆಯಲ್ಲಿ ಬಿದ್ದು ಡಿಪಾಸಿಟಿನಲ್ಲಿ ಕಡಿತ ಆಗುವುದೇ ಹೆಚ್ಚು. ಕೆಸರು ಒರೆಸಿ ಕೊಡಿ; ‘ಸರ್ವಿಸ್ ಚಾರ್ಜ್’ ಅಂತ ಕೇಳಲು ನೆಪ ಸಿಗಬಾರದು.

ಅಂಗಡಿಯಲ್ಲಿ ಅವರ ಎದುರೇ ಮತ್ತೆ ಓಡಿಸಿ, ಚೀಟಿಯಲ್ಲಿ ‘ಸರಿಯಾಗಿದೆ’ ಅಂತ ಬರೆಸಿಕೊಳ್ಳಿ. ‘ಇಟ್ಟು ಹೋಗಿ, ಡಿಪಾಸಿಟ್ ನಾಳೆ ಹಾಕುತ್ತೇವೆ’ ಅಂದರೆ ಆ ಮಾತನ್ನೂ ಚೀಟಿಯಲ್ಲೋ ವಾಟ್ಸಾಪಿನಲ್ಲೋ ಬರೆಸಿಕೊಳ್ಳಿ. ಇಲ್ಲದ ಹಾನಿ ತೋರಿಸಿ ಹಣ ಹಿಡಿದರೆ ತರುವಾಗ ತೆಗೆದ ವಿಡಿಯೋ ತೋರಿಸಿ. ಹೆಚ್ಚಿನ ತಕರಾರು ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ದೂರು ಕೊಡಲು ಎರಡು ವರ್ಷದ ಗಡುವು. ಡಿಪಾಸಿಟ್ ಖಾತೆಗೆ ಬರುವವರೆಗೆ ಚೀಟಿ ಮತ್ತು ವಿಡಿಯೋ ಅಳಿಸಬೇಡಿ.